ಎದುರು ಮನೆಯಾಕೆಗೆ ಗೊತ್ತಿತ್ತು

‘ದ ಲೈವ್ಸ್ ಆಫ್ ಅದರ್ಸ್’ ನೋಡಿದವರೆಲ್ಲ ವೀಸ್ಲರ್ ಬಗ್ಗೇನೇ ಮಾತಾಡ್ತಾರೆ. 1984ರ ಕಮ್ಯುನಿಸ್ಟ್ ಪೂರ್ವ ಜರ್ಮನಿ. ನಾಟಕಕಾರ ಡ್ರೈಮನ್ ಮನೆಯ ಗೋಡೆಯೊಳಗೆ ಮೈಕ್ ಹುದುಗಿಸಿ, ಅಟ್ಟದಲ್ಲಿ ಕೂತು ಕದ್ದು ಕೇಳುವ ಸ್ಟಾಸಿ ಅಧಿಕಾರಿ ವೀಸ್ಲರ್ ಕ್ರಮೇಣ ಕರಗಿ, ಕೊನೆಗೆ ಅವನನ್ನೇ ಕಾಪಾಡ್ತಾನೆ. 2007ರಲ್ಲಿ ಆಸ್ಕರ್ ಕೂಡ ಬಂತು. ಉಲ್ರಿಶ್ ಮ್ಯೂಹೆಯ ನಟನೆಗೆ ನಾನೂ ಸೋತವನೇ. ಆದ್ರೆ ಈ ಕರಗುವ ಅಧಿಕಾರಿಯ ಬಗ್ಗೆ ನನಗೊಂದು ತಕರಾರಿದೆ.

ನನ್ನೊಬ್ಬನದೇ ಅಲ್ಲ. ಬರ್ಲಿನ್ನಿನ ಹಳೇ ಸ್ಟಾಸಿ ಜೈಲು ಈಗ ಸ್ಮಾರಕ. ಅಲ್ಲಿ ಶೂಟಿಂಗ್ ಮಾಡೋಕೆ ಆಗಿನ ನಿರ್ದೇಶಕ ಹುಬರ್ಟಸ್ ಕ್ನಾಬೆ ಅನುಮತಿಯನ್ನೇ ಕೊಡಲಿಲ್ಲ. ಸ್ಟಾಸಿಯವನನ್ನು ಹೀರೋ ಮಾಡೋದು ಅವರಿಗೆ ಒಪ್ಪಿಗೆಯಿರಲಿಲ್ಲ.

ನನ್ನ ಪ್ರಕಾರ ಈ ಸಿನಿಮಾದ ನಿಜವಾದ ದೃಶ್ಯ ಬೇರೆಯೇ ಇದೆ. ಮೈಕ್ ಹಾಕೋದನ್ನ ಎದುರು ಮನೆಯಾಕೆ ಬಾಗಿಲ ಕಿಂಡಿಯಿಂದ ನೋಡಿಬಿಡ್ತಾಳೆ. ವೀಸ್ಲರ್ ಆಕೆಯ ಬಾಗಿಲು ತಟ್ಟಿ ಹೇಳೋದು ಇಷ್ಟೇ: ಯಾರಿಗಾದ್ರೂ ಒಂದು ಮಾತು ಹೇಳಿದ್ರೆ ಮಗಳು ಮಾಶಾಳ ಓದಿನ ಸೀಟು ನಾಳೆಯೇ ಹೋಗುತ್ತೆ. ಹೊಡೆತವಿಲ್ಲ, ಬಂದೂಕಿಲ್ಲ. (ಸೀಟು ಅಂದ್ರೆ ಏನು ಅಂತ ನಮ್ಮ ಅಪ್ಪ ಅಮ್ಮಂದಿರಿಗೆ ಯಾರೂ ಹೇಳಿಕೊಡಬೇಕಿಲ್ಲ.) ಆಮೇಲೊಂದು ದಿನ ಡ್ರೈಮನ್ ಆಕೆಯನ್ನು ಒಳಗೆ ಕರೆದು ಟೈ ಕಟ್ಟಿಸಿಕೊಳ್ತಾನೆ. ತನಗೆ ಟೈ ಕಟ್ಟೋಕೆ ಬರಲ್ಲ ಅನ್ನೋದು ಗೆಳತಿಗೆ ಗೊತ್ತಾಗಬಾರದು, ಅದಕ್ಕೆ ನಗ್ತಾ ಕೇಳ್ತಾನೆ, ಗುಟ್ಟು ಕಾಪಾಡ್ತೀರಾ ಅಂತ. ಆಕೆಯ ಮುಖ ನೋಡಬೇಕು ಆಗ!

ಪೂರ್ವ ಜರ್ಮನಿಯ 1968ರ ಸಂವಿಧಾನದಲ್ಲಿ ಅಂಚೆ, ದೂರವಾಣಿಯ ಗೋಪ್ಯತೆ ಉಲ್ಲಂಘಿಸಲಾಗದ ಹಕ್ಕು. ಅದೇ ದೇಶದಲ್ಲಿ ಸ್ಟಾಸಿಯವರು ಹಬೆ ಹಾಯಿಸಿ ಕಾಗದ ಬಿಡಿಸಿ ಓದಿ, ಮತ್ತೆ ಅಂಟಿಸಿ ಕಳಿಸ್ತಿದ್ದರು. 1989ರ ಹೊತ್ತಿಗೆ ಸುಮಾರು 1.6 ಕೋಟಿ ಜನರ ಮೇಲೆ ಕಣ್ಣಿಡೋಕೆ 91,000 ಪೂರ್ಣಾವಧಿ ಸಿಬ್ಬಂದಿ. ಅದರ ಮೇಲೆ ಒಂದೂವರೆ ಲಕ್ಷಕ್ಕೂ ಮಿಕ್ಕಿದ ಗುಪ್ತ ಮಾಹಿತಿದಾರರು, ಅಂದ್ರೆ ಸಹೋದ್ಯೋಗಿ, ಗೆಳೆಯ, ಕೆಲವೊಮ್ಮೆ ಗಂಡ ಅಥವಾ ಹೆಂಡತಿ. 1992ರಲ್ಲಿ ಕಡತಗಳು ತೆರೆದಾಗ ಜನ ಓದಿದ್ದು ಇವರನ್ನೇ. ಹಾಗಂತ ಎಲ್ಲರೂ ಬರೆದುಕೊಟ್ಟವರಲ್ಲ. ಸುಮ್ಮನಿದ್ದವರೇ ಜಾಸ್ತಿ. ಸುಮ್ಮನಿದ್ದವರ ಹೆಸರು ಯಾವ ಕಡತದಲ್ಲಿ ಹುಡುಕೋದು?

ಗೋಡೆ ಬಿದ್ದ ಮೇಲೆ ಸಿನಿಮಾ ಡ್ರೈಮನ್ ಜೊತೆ ಆ ಕಡತಗಳ ಕಟ್ಟಡಕ್ಕೆ ಹೋಗುತ್ತೆ, ವೀಸ್ಲರ್‌ನನ್ನ ಪುಸ್ತಕದಂಗಡಿಗೆ ಕರ್ಕೊಂಡು ಹೋಗುತ್ತೆ, ನಮ್ಮ ಕಣ್ಣು ಒದ್ದೆ ಮಾಡುತ್ತೆ. ಮಾಶಾ ಓದು ಮುಗಿಸಿದಳಾ ಅಂತ ಮಾತ್ರ ಹೇಳಲ್ಲ.