ಡೆಕ್ಸ್ಟ್ರಿನ್ ಎಂಬ ಅಂಟಿನ ಪುಡಿ
ಡೆಕ್ಸ್ಟ್ರಿನ್ ಪಿಷ್ಟದಿಂದ ಪಡೆಯುವ ಬಿಳಿ ಅಥವಾ ಹಳದಿ ಪುಡಿ. ಮೆಕ್ಕೆಜೋಳ, ಆಲೂಗಡ್ಡೆ ಇಲ್ಲವೆ ಮರಗೆಣಸಿನ ಒಣ ಪಿಷ್ಟಕ್ಕೆ ತುಸು ಆಮ್ಲ ಬೆರೆಸಿ ಹುರಿದರೆ ಅದರ ಉದ್ದನೆಯ ಸರಪಳಿಗಳು ತುಂಡಾಗುತ್ತವೆ; ಕೆಲವು ತುಂಡುಗಳು ಕವಲೊಡೆದು ಮತ್ತೆ ಬೆಸೆದುಕೊಳ್ಳುತ್ತವೆ. ತಣ್ಣೀರಿನಲ್ಲಿ ಹಸಿ ಪಿಷ್ಟ ತಳ ಸೇರಿದರೆ, ಚೆನ್ನಾಗಿ ಹುರಿದ ಡೆಕ್ಸ್ಟ್ರಿನ್ ಕರಗುತ್ತದೆ. ಈ ದ್ರಾವಣ ಧ್ರುವೀಕೃತ ಬೆಳಕನ್ನು ಬಲಕ್ಕೆ ತಿರುಗಿಸುವುದರಿಂದಲೇ 1833ರಲ್ಲಿ ಫ್ರಾನ್ಸಿನ ವಿಜ್ಞಾನಿಗಳಾದ ಬಿಯೊ ಮತ್ತು ಪರ್ಸೊ ‘ಬಲ’ ಎಂಬರ್ಥದ ಲ್ಯಾಟಿನ್ ಪದದಿಂದ ಇದಕ್ಕೆ ಈ ಹೆಸರಿಟ್ಟರು.

ಇದರ ಸೊಗಸು ಕಾಣುವುದು ಲಕೋಟೆಯ ಅಂಚಿನಲ್ಲಿ. ತೆಳುವಾಗಿ ಬಳಿದ ಅಂಟು ಗಾಜಿನಂತೆ ಮಿನುಗುತ್ತಾ ಒಣಗುತ್ತದೆ, ತಿಂಗಳುಗಟ್ಟಲೆ ಸುಮ್ಮನಿರುತ್ತದೆ. ಒದ್ದೆ ಬೆರಳು ಸೋಕಿದರೆ ಸಾಕು, ಕ್ಷಣದಲ್ಲಿ ಜಿಗುಟಾಗಿ ಕಾಗದವನ್ನು ಕಚ್ಚಿ ಹಿಡಿಯುತ್ತದೆ. ಪಟಾಕಿ ಮದ್ದನ್ನು ಉಂಡೆಗಟ್ಟುವುದಕ್ಕೂ, ಎರಕದ ಅಚ್ಚಿನ ಮರಳನ್ನು ಬಿಗಿಯುವುದಕ್ಕೂ, ಬಟ್ಟೆಗೆ ಗಂಜಿ ಹಾಕುವುದಕ್ಕೂ ಇದು ಬಳಕೆಯಲ್ಲಿದೆ.