ಗೋಪಾಲಯ್ಯನವರ ಬೆಟ್ಟ, ಶಂಭುವಿನ ದಾರಿ

ಕಾರಂತರ ‘ಬೆಟ್ಟದ ಜೀವ’ವನ್ನು (1943) ನಾವು ತರಗತಿಯಲ್ಲಿ ಓದಿದ್ದು ನಿಸರ್ಗಪ್ರೇಮದ ಕಾದಂಬರಿಯೆಂದು. ಈಚೆಗೆ ಮತ್ತೆ ಓದಿದಾಗ ಆ ಮಾತು ಅರ್ಧ ಸತ್ಯ ಎನಿಸಿತು. ಸುಬ್ರಹ್ಮಣ್ಯದ ಕಡೆಯ ಕಾಡಂಚಿನ ಗೋಪಾಲಯ್ಯ ಕಾಡನ್ನು ನೋಡುತ್ತ ಕೂತವರಲ್ಲ. ಕಡಿದು ತೋಟ ಎಬ್ಬಿಸಿದವರು. ಆನೆ, ಹುಲಿ ಅವರಿಗೆ ಬೆರಗಿಗಿಂತ ಹೆಚ್ಚಾಗಿ ಉಪದ್ರವ. ಆದರೂ ಆ ಬೆಟ್ಟದ ಹೊರಗೆ ಅವರನ್ನು ಊಹಿಸಿಕೊಳ್ಳಲಾಗದು. ಅವರ ಮಗ ಶಂಭು ಮಾತ್ರ ಮನೆ ಬಿಟ್ಟು ಹೋಗಿದ್ದಾನೆ.

ಅದೇ ಘಟ್ಟದ ಸಾಲಿನಲ್ಲಿ ಉತ್ತರಕ್ಕೆ ಹೋದರೆ ಕುದುರೆಮುಖ. 1987ರಲ್ಲಿ ಅದು ರಾಷ್ಟ್ರೀಯ ಉದ್ಯಾನ ಎಂದು ಘೋಷಣೆಯಾದಾಗ ಒಳಗೆ ಮಲೆಕುಡಿಯರಿದ್ದರು, ಬೇರೆ ಕೃಷಿಕರೂ ಇದ್ದರು. ಇಂಥವರನ್ನು ನಮ್ಮ ಬರಹಗಳು ಒಮ್ಮೆ ಕಾಡಿನ ಮಕ್ಕಳು ಎನ್ನುತ್ತವೆ, ಇನ್ನೊಮ್ಮೆ ಕಾಡಿನ ಶತ್ರುಗಳು. ಅಲ್ಲಿ ಪರಿಹಾರ ಪಡೆದು ಇಳಿದವರಿದ್ದಾರೆ. ದೈವವನ್ನೂ ತೋಟವನ್ನೂ ಬಿಟ್ಟು ಹೋಗುವುದೆಲ್ಲಿಗೆ ಎಂದು ಉಳಿದವರೂ ಇದ್ದಾರೆ. ರಸ್ತೆ, ಸೇತುವೆ ಕೇಳಿದರೆ ಅರಣ್ಯ ಕಾನೂನು ಅಡ್ಡ ಬರುತ್ತದೆ. ಅದೇ ಬೆಟ್ಟದಲ್ಲಿ ಕಬ್ಬಿಣದ ಅದಿರಿನ ಗಣಿ 2005ರ ಕೊನೆಯವರೆಗೂ ನಡೆಯಿತು! ಇದನ್ನು ಕಂಡವರು ‘ಸಂರಕ್ಷಣೆ’ ಎಂಬ ಪದವನ್ನು ಅನುಮಾನಿಸಿದರೆ ಅದು ಅಜ್ಞಾನವಲ್ಲ.

ಉಳಿಯುವ ಹಟ, ಹೊರಡುವ ಆಸೆ ಎರಡನ್ನೂ ಕಾರಂತರು ಒಂದೇ ಮನೆಯೊಳಗಿಟ್ಟರು. ಕಾದಂಬರಿಯ ಬಲ ಇರುವುದು ಅಲ್ಲಿ. ಮಿತಿಯೂ ಇದೆ. ನಾವು ಬೆಟ್ಟವನ್ನು ನೋಡುವುದು ಯಜಮಾನನ ಜಗಲಿಯಿಂದ. ದೇರಣ್ಣ, ಬಟ್ಯರ ಮನಸ್ಸಿನಲ್ಲಿ ಆ ಕಾಡು ಏನಾಗಿತ್ತು ಎಂಬುದು ತಿಳಿಯುವುದಿಲ್ಲ. ಅದಕ್ಕೆ ಮಲೆಕುಡಿಯರ ಬದುಕನ್ನೇ ಹಿಡಿದ ‘ಕುಡಿಯರ ಕೂಸು’ವಿಗೆ ಹೋಗಬೇಕು. ಎರಡನ್ನೂ ಜೊತೆಗಿಟ್ಟು ಪಾಠ ಮಾಡಿದ್ದನ್ನು ನಾನಂತೂ ಕಂಡಿಲ್ಲ.