ಭೇದವನ್ನರಿಯದ ಅಭೇದ



ಶಿವಶರಣೆಯರನ್ನು ಕುರಿತು ನಮ್ಮ ನಾಡಿನಲ್ಲಿ ನಡೆಯುವ ಉಪನ್ಯಾಸಗಳಿಗೂ ಪ್ರಕಟವಾಗುವ ಲೇಖನಗಳಿಗೂ ಕೊರತೆಯಿಲ್ಲ. ಆದರೆ ಅವುಗಳಲ್ಲಿ ಬಹುಪಾಲು ಒಂದೇ ಅಚ್ಚಿನಲ್ಲಿ ಎರಕ ಹೊಯ್ದಂತಿರುತ್ತವೆ. 12ನೆಯ ಶತಮಾನದಲ್ಲಿ ಸ್ತ್ರೀಗೆ ಸಮಾನತೆ ದೊರೆಯಿತು, ಅನುಭವ ಮಂಟಪದಲ್ಲಿ ಆಕೆಗೂ ಸ್ಥಾನವಿತ್ತು, ಅಕ್ಕಮಹಾದೇವಿ ವೈರಾಗ್ಯನಿಧಿ, ಆದಕಾರಣ ನಮ್ಮ ಧರ್ಮದಲ್ಲಿ ಹೆಣ್ಣು ಗಂಡೆಂಬ ಭೇದವಿಲ್ಲ, ಕುಲಭೇದವಿಲ್ಲ. ಇಷ್ಟು ಹೇಳಿದರೆ ಉಪನ್ಯಾಸ ಮುಗಿಯಿತು, ಹೂಮಾಲೆ ಬಿತ್ತು. ಶರಣರ ಆದರ್ಶವನ್ನು ಹೇಳುವ ಮಾತುಗಳಾಗಿ ಇವು ಸರಿಯೇ. ಆದರೆ ಇಷ್ಟಕ್ಕೇ ತೃಪ್ತಿ ಹೊಂದುವ ಓದು ಆ ತಾಯಂದಿರ ವಚನಗಳಿಗೆ ನ್ಯಾಯ ಒದಗಿಸುತ್ತದೆಯೇ ಎಂಬುದನ್ನು ನಾವು ವಿಚಾರಿಸಬೇಕಾಗಿದೆ.

ಈ ವಿಚಾರಕ್ಕೆ ನಮ್ಮನ್ನು ಪ್ರೇರಿಸಿದ್ದು ದೂರದ ಅಮೆರಿಕೆಯ ಒಂದು ಪ್ರಬಂಧ ಸಂಕಲನ. ಅದರ ಹೆಸರು ‘ಸಿಸ್ಟರ್ ಔಟ್‌ಸೈಡರ್’. ಸೋದರಿಯಾಗಿದ್ದೂ ಹೊರಗಿನವಳಾಗಿಯೇ ಉಳಿದವಳು ಎಂಬುದು ಆ ಹೆಸರಿನ ಭಾವ. ಇದರ ಕರ್ತೃ ಆಡ್ರಿ ಲಾರ್ಡ್ (1934–1992) ಅವರು ಕೆರಿಬಿಯನ್ ದ್ವೀಪಗಳಿಂದ ವಲಸೆ ಬಂದ ಕಪ್ಪು ಜನಾಂಗದ ದಂಪತಿಗಳಿಗೆ ನ್ಯೂಯಾರ್ಕ್ ನಗರದಲ್ಲಿ ಹುಟ್ಟಿದವರು. ಗ್ರಂಥಪಾಲಕಿಯಾಗಿ, ಅನಂತರ ಅಧ್ಯಾಪಕಿಯಾಗಿ ದುಡಿದವರು. ಎಲ್ಲಕ್ಕೂ ಮಿಗಿಲಾಗಿ ಕವಯಿತ್ರಿ. 1984ರಲ್ಲಿ ಹೊರಬಂದ ಈ ಗ್ರಂಥದಲ್ಲಿ ಪ್ರಬಂಧ, ಭಾಷಣ, ಪತ್ರ, ಸಂವಾದಗಳೆಲ್ಲ ಸೇರಿ 15 ಬರಹಗಳಿವೆ. ಕಪ್ಪು ಮಹಿಳೆಯರ ಸ್ತ್ರೀವಾದವೆಂಬ ವಿಚಾರಧಾರೆಗೆ ಇದು ಮುಖ್ಯ ಆಕರಗಳಲ್ಲೊಂದೆಂದು ವಿದ್ವಾಂಸರು ಮನ್ನಿಸುತ್ತಾರೆ.

ಲಾರ್ಡ್ ಅವರ ಪ್ರತಿಪಾದನೆಯ ತಿರುಳು ಇದು: ಮನುಷ್ಯನನ್ನು ಕಟ್ಟಿದ ಕಟ್ಟುಗಳು ಒಂದೊಂದೂ ಬೇರೆ ಬೇರೆಯಾಗಿ ಬರುವುದಿಲ್ಲ. ಕಪ್ಪು ಮಹಿಳೆಯನ್ನು ಬಿಳಿಯ ಮಹಿಳೆಯರು ‘ನೀನೂ ಹೆಣ್ಣು’ ಎಂದು ಕರೆಯುತ್ತಾರೆ, ಆಕೆಯ ಬಣ್ಣವನ್ನು ಮರೆಯುತ್ತಾರೆ. ಕಪ್ಪು ಪುರುಷರು ‘ನೀನೂ ನಮ್ಮವಳು’ ಎಂದು ಕರೆಯುತ್ತಾರೆ, ಆಕೆಯ ಹೆಣ್ತನದ ಸಂಕಟವನ್ನು ಮರೆಯುತ್ತಾರೆ. ಎರಡು ಮನೆಗೂ ಸೋದರಿ, ಎರಡು ಮನೆಗೂ ಹೊರಗಿನವಳು. ತಾನು ಕಪ್ಪು ಜನಾಂಗದವಳು, ಹೆಣ್ಣು, ತಾಯಿ, ಕವಿ, ಹೆಣ್ಣನ್ನೇ ಪ್ರೀತಿಸಿ ಬಾಳಿದವಳು ಎಂಬುದೆಲ್ಲವನ್ನೂ ಅವರು ಒಂದೇ ಉಸಿರಿನಲ್ಲಿ ಹೇಳುತ್ತಾರೆ. ಒಂದನ್ನು ಹೇಳಿ ಇನ್ನೊಂದನ್ನು ಬಚ್ಚಿಡಲು ಒಪ್ಪುವುದಿಲ್ಲ. 1979ರಲ್ಲಿ ನ್ಯೂಯಾರ್ಕ್ ವಿಶ್ವವಿದ್ಯಾಲಯದಲ್ಲಿ ನಡೆದ ಸ್ತ್ರೀವಾದಿ ಗೋಷ್ಠಿಯೊಂದರಲ್ಲಿ ಅವರು ವ್ಯವಸ್ಥಾಪಕರ ಮುಂದೆಯೇ ಕೇಳಿದರು: ನೀವು ಇಲ್ಲಿ ಸ್ತ್ರೀವಾದದ ಸಿದ್ಧಾಂತವನ್ನು ಚರ್ಚಿಸುತ್ತಿರುವಾಗ ನಿಮ್ಮ ಮನೆಯ ಕಸ ಗುಡಿಸುತ್ತ, ನಿಮ್ಮ ಮಕ್ಕಳನ್ನು ನೋಡಿಕೊಳ್ಳುತ್ತ ಇರುವ ಹೆಣ್ಣುಮಕ್ಕಳು ಯಾರು? ಅವರು ಬಡವರು, ಕಪ್ಪು ಬಣ್ಣದವರು. ಅವರಿಲ್ಲದ ಸಿದ್ಧಾಂತ ಯಾರದು?

ಇದೇ ವಿಚಾರಕ್ಕೆ 1989ರಲ್ಲಿ ಕಿಂಬರ್ಲಿ ಕ್ರೆನ್‌ಶಾ ಎಂಬ ನ್ಯಾಯಶಾಸ್ತ್ರದ ವಿದುಷಿ ಒಂದು ಹೆಸರನ್ನು ಕೊಟ್ಟರು. ದಾರಿಗಳು ಕೂಡುವ ಸ್ಥಳದಲ್ಲಿ ನಿಂತವಳಿಗೆ ಯಾವ ದಿಕ್ಕಿನಿಂದ ಬಂದ ವಾಹನವಾದರೂ ಬಡಿಯಬಹುದು ಎಂಬುದು ಅವರ ಉಪಮಾನ. ಮೋಟಾರು ಕಾರ್ಖಾನೆಯೊಂದರ ಮೇಲೆ ಕಪ್ಪು ಮಹಿಳೆಯರು ಹೂಡಿದ ದಾವೆಯನ್ನು ಅವರು ಉದಾಹರಿಸುತ್ತಾರೆ. ಅಲ್ಲಿ ಹೆಂಗಸರಿಗೆ ಕೆಲಸ ಸಿಕ್ಕಿತ್ತು, ಅವರು ಬಿಳಿಯರು. ಕಪ್ಪು ಜನರಿಗೂ ಕೆಲಸ ಸಿಕ್ಕಿತ್ತು, ಅವರು ಗಂಡಸರು. ಕಪ್ಪು ಹೆಂಗಸರೆಂದು ಬೇರೆಯೇ ಒಂದು ವರ್ಗವನ್ನು ಮಾಡಲಾಗದೆಂದು ನ್ಯಾಯಾಲಯ ಹೇಳಿತು. ಒಮ್ಮೆಗೆ ಒಂದೇ ಭೇದವನ್ನು ಕಾಣಬಲ್ಲ ಕಣ್ಣಿಗೆ ಎರಡು ಭೇದಗಳ ನಡುವೆ ನಿಂತವಳು ಕಾಣಲೇ ಇಲ್ಲ.

ಈಗ ನಮ್ಮ ಶರಣೆಯರ ಕಡೆಗೆ ಬರೋಣ. ಫ. ಗು. ಹಳಕಟ್ಟಿಯವರು 1923ರಲ್ಲಿ ‘ವಚನಶಾಸ್ತ್ರಸಾರ’ವನ್ನು ಪ್ರಕಟಿಸಿದಂದಿನಿಂದ ವಚನಗಳ ಸಂಗ್ರಹಕಾರ್ಯ ಅವಿಚ್ಛಿನ್ನವಾಗಿ ನಡೆದು, 1993ರಲ್ಲಿ ಡಾ. ವೀರಣ್ಣ ರಾಜೂರ ಅವರ ಸಂಪಾದಕತ್ವದಲ್ಲಿ ಶಿವಶರಣೆಯರ ವಚನಗಳ ಸಂಪುಟವೇ ಸಿದ್ಧವಾಯಿತು. 30ಕ್ಕೂ ಹೆಚ್ಚು ಶರಣೆಯರ ವಾಣಿ ಅದರಲ್ಲಿದೆ. ಇವರಲ್ಲಿ ನಾವು ಮತ್ತೆ ಮತ್ತೆ ಸ್ಮರಿಸುವುದು ಅಕ್ಕನನ್ನು ಮಾತ್ರ. ಅಕ್ಕನ ಔನ್ನತ್ಯಕ್ಕೆ ಎಣೆಯಿಲ್ಲ. ಆದರೆ ಆಕೆಯೊಬ್ಬಳ ಪ್ರಭೆಯಲ್ಲಿ ಉಳಿದವರ ಮುಖಗಳು ಮಸುಕಾಗಿವೆ. ಆ ಮುಖಗಳಲ್ಲಿಯೇ ಲಾರ್ಡ್ ಅವರ ಪ್ರಶ್ನೆಗೆ ನಮ್ಮ ನಾಡಿನ ಪ್ರತ್ಯುತ್ತರ ಅಡಗಿದೆ.

ಅಂತ್ಯಜ ಕುಲದವನೆಂದು ಪರಂಪರೆ ಹೇಳುವ ಉರಿಲಿಂಗಪೆದ್ದಿಯ ಪುಣ್ಯಸ್ತ್ರೀ ಕಾಳವ್ವೆಯನ್ನು ನೋಡಿರಿ. ಕುರಿ, ಕೋಳಿ, ಮೀನುಗಳನ್ನು ತಿನ್ನುವವರು ಕುಲಜರೆನಿಸಿಕೊಳ್ಳುವಾಗ ಮಾದಿಗನೊಬ್ಬನೇ ಆಹಾರದ ಕಾರಣದಿಂದ ಹೇಗೆ ಕೀಳಾದನೆಂದು ಆಕೆ ಮುಚ್ಚುಮರೆಯಿಲ್ಲದೆ ಕೇಳುತ್ತಾಳೆ. ಚರ್ಮದ ಪಾತ್ರೆಯ ತುಪ್ಪ ಉಣ್ಣುವವರು ಆ ಚರ್ಮವನ್ನು ಹದಮಾಡಿದ ಕೈಯನ್ನು ಹೊರಗಿಟ್ಟುದರ ಅಸಂಗತತೆಯನ್ನು ಎತ್ತಿ ತೋರಿಸುತ್ತಾಳೆ. ಇದು ಅಡುಗೆಮನೆಯನ್ನೂ ಕೇರಿಯನ್ನೂ ಒಟ್ಟಿಗೆ ಬಲ್ಲ ಹೆಣ್ಣಿನ ಪ್ರಶ್ನೆ. ಕುಲವೊಂದನ್ನೇ, ಹೆಣ್ತನವೊಂದನ್ನೇ ಹಿಡಿದು ಓದಿದರೆ ಆ ವಚನದ ಅರ್ಧ ಶಕ್ತಿ ಸೋರಿಹೋಗುತ್ತದೆ.

ಸೂಳೆ ಸಂಕವ್ವೆಯದಾಗಿ ನಮಗೆ ಉಳಿದಿರುವುದು ಒಂದೇ ವಚನ; ಅಂಕಿತ ನಿರ್ಲಜ್ಜೇಶ್ವರ. ಲೋಕ ತನ್ನ ಮೇಲೆ ಹೊರಿಸಿದ ಲಜ್ಜೆಯನ್ನು ಕಳಚಿ ದೇವರ ಹೆಸರಿನಲ್ಲಿಯೇ ಆ ಕಳಚುವಿಕೆಯನ್ನು ನಿಲ್ಲಿಸಿದ ಧೈರ್ಯ ಆಕೆಯದು. ಒತ್ತೆ ಹಿಡಿಯುವ ವೃತ್ತಿಯ ಮಾತಿನಲ್ಲಿಯೇ ಆಕೆ ಏಕನಿಷ್ಠೆಯನ್ನು ಹೇಳಿದಳು. ಅನೇಕ ಲೇಖಕರು ಆಕೆಯ ಹೆಸರಿನ ಮೊದಲ ಪದವನ್ನು ಸಂಕೋಚದಿಂದ ಬಿಟ್ಟು ‘ಪುಣ್ಯಾಂಗನೆ’ ಎಂದು ತಿದ್ದಿ ಬರೆಯುತ್ತಾರೆ. ಸಂಕೋಚ ಬರೆಯುವವರದು, ಆಕೆಯದಲ್ಲ.

ಶರಣರ ಮನೆಯಂಗಳದ ಕಸ ಗುಡಿಸುವುದು ಸತ್ಯಕ್ಕನ ಕಾಯಕವೆಂದು ಪ್ರತೀತಿ. ದಾರಿಯಲ್ಲಿ ಬಿದ್ದ ಹೊನ್ನನ್ನಾಗಲಿ ವಸ್ತ್ರವನ್ನಾಗಲಿ ಮುಟ್ಟೆನೆಂಬ ಆಕೆಯ ಪ್ರತಿಜ್ಞೆಯನ್ನು ನಾವು ಸಾಮಾನ್ಯ ನೀತಿಬೋಧೆಯೆಂದು ಓದುತ್ತೇವೆ. ಕಸ ಗುಡಿಸುವವಳ ಮೇಲೆ ಸಿರಿವಂತರಿಗೆ ಸದಾ ಕಳವಿನ ಸಂಶಯವೆಂಬುದನ್ನು ನೆನೆದು ಓದಿದರೆ ಅದು ಸ್ವಾಭಿಮಾನದ ಘೋಷಣೆಯಾಗಿ ಕೇಳಿಸುತ್ತದೆ. ಮೊಲೆ ಮುಡಿಗಳಿಂದ ಹೆಣ್ಣೆಂದೂ ಮೀಸೆ ಕಠಾರಿಗಳಿಂದ ಗಂಡೆಂದೂ ನಿರ್ಣಯಿಸುವುದು ಬಲ್ಲವರ ನೀತಿಯಲ್ಲವೆಂದು ಹೇಳಿದವಳೂ ಈಕೆಯೇ. ಪತಿ ತಂದ ಹೆಚ್ಚಿನ ಅಕ್ಕಿಯನ್ನು ಮರಳಿ ಸುರಿದು ಬರಲು ಹೇಳಿದ ಆಯ್ದಕ್ಕಿ ಲಕ್ಕಮ್ಮನ ವಿಷಯವೂ ಅಷ್ಟೆ. ಉಳ್ಳವರು ತ್ಯಾಗವನ್ನು ಬೋಧಿಸುವುದು ಸುಲಭ. ಅಂಗಳದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯ್ದು ಬದುಕುವ ಮನೆಯ ಗೃಹಿಣಿ ಹೆಚ್ಚಿನದನ್ನು ಬೇಡವೆಂದಾಗ ಮಾತ್ರ ಅದಕ್ಕೆ ಬೇರೆಯೇ ತೂಕ.

ಇನ್ನು ಅಂಕಿತಗಳನ್ನು ಗಮನಿಸಿರಿ. ಸಂಪುಟದಲ್ಲಿ ಎಷ್ಟೋ ಶರಣೆಯರು ಇಂಥವರ ಪುಣ್ಯಸ್ತ್ರೀ ಎಂದೇ ದಾಖಲಾಗಿದ್ದಾರೆ. ಕಾಳವ್ವೆಯ ಮತ್ತು ಲಕ್ಕಮ್ಮನ ಅಂಕಿತಗಳಲ್ಲಿಯೂ ಪತಿಯ ಹೆಸರಿದೆ. ನೂಲುವ ಕಾಯಕದ ಕದಿರ ರೆಮ್ಮವ್ವೆ ಮಾತ್ರ ತನ್ನ ಕದಿರನ್ನೂ ತನ್ನ ಹೆಸರನ್ನೂ ಅಂಕಿತದೊಳಗೆ ಇಟ್ಟು, ಗುಮ್ಮೇಶ್ವರನನ್ನು ತನ್ನ ಒಡೆಯನೆಂದು ಕರೆದಳು. ತಾನು ತಿರುವುವ ರಾಟೆಯ ಕುಲವನ್ನು ಕೇಳಿರೆಂದು ಹೇಳಿ ಅದರ ಅಂಗಾಂಗಗಳಲ್ಲಿ ತ್ರಿಮೂರ್ತಿಗಳನ್ನು ಕಂಡಳು. ಇಂದಿಗೂ ಇಲಕಲ್ಲಿನ ಸೀರೆಯ ಹಿಂದೆ ಮನೆಯ ಮೂಲೆಯಲ್ಲಿ ಕುಳಿತು ರಾಟೆ ತಿರುವಿ ಕಂಡಿಕೆ ಸುತ್ತುವ ಹೆಣ್ಣುಮಕ್ಕಳ ಕೈಗಳಿವೆ. ಸೀರೆಗೆ ಊರಿನ ಹೆಸರಿದೆ, ಆ ಕೈಗಳಿಗೆ ಹೆಸರಿಲ್ಲ.

ಲಾರ್ಡ್ ಅವರ ಎಲ್ಲ ಮಾತುಗಳನ್ನೂ ನಾವು ಒಪ್ಪಬೇಕಾಗಿಲ್ಲ. ಒಡೆಯನ ಆಯುಧಗಳಿಂದ ಒಡೆಯನ ಮನೆಯನ್ನು ಕೆಡವಲಾಗದೆಂಬುದು ಅವರ ಪ್ರಸಿದ್ಧ ವಾದ. ಶರಣರು ಸಂಸ್ಕೃತವನ್ನು ಬಿಟ್ಟು ಕನ್ನಡವನ್ನು ಹಿಡಿದುದನ್ನು ನೆನೆದರೆ ಈ ವಾದಕ್ಕೆ ನಮ್ಮಲ್ಲಿ ಸಾಕ್ಷಿಯಿದೆ. ಆದರೆ ಕಾಳವ್ವೆ ಮಾಡಿದ್ದೇನು? ಮಡಿಮೈಲಿಗೆಯ ಲೆಕ್ಕವನ್ನೇ ಕೈಗೆ ತೆಗೆದುಕೊಂಡು, ಆ ಲೆಕ್ಕ ತಾಳೆಯಾಗುವುದಿಲ್ಲವೆಂದು ಲೆಕ್ಕ ಬರೆದವರಿಗೇ ತೋರಿಸಿದಳು. ಎದುರಾಳಿಯ ಅಳತೆಗೋಲಿನಿಂದಲೇ ಎದುರಾಳಿಯ ಗೋಡೆಯ ಓರೆಯನ್ನು ಅಳೆಯುವ ಈ ಬಗೆ ಲಾರ್ಡ್ ಅವರ ವಾದದಲ್ಲಿ ಅಡಕವಾಗಿಲ್ಲ. ಅಲ್ಲದೆ ಅವರು ಭೇದವನ್ನು ಸೃಷ್ಟಿಶಕ್ತಿಯ ಬುಗ್ಗೆಯೆಂದು ಭಾವಿಸಿ ಅಲ್ಲಿಯೇ ನೆಲೆನಿಲ್ಲುತ್ತಾರೆ. ನಮ್ಮ ಷಟ್‌ಸ್ಥಲ ಮಾರ್ಗದ ಗುರಿ ಲಿಂಗಾಂಗ ಸಾಮರಸ್ಯ. ಈ ಅಂತರವನ್ನು ಮರೆಮಾಡಿ ಅವರನ್ನು ನಮ್ಮ ಶರಣೆಯೆಂದು ಕರೆಯುವುದು ಅವರಿಗೂ ಅನ್ಯಾಯ, ನಮಗೂ ಅನ್ಯಾಯ. ಪ್ರೇಮಶಕ್ತಿಯನ್ನು ಕುರಿತ ಅವರ ಪ್ರಬಂಧ ವಿರಕ್ತರಾದವರು ತಡೆತಡೆದು ಓದಬೇಕಾದುದು. ಆದರೂ ಆ ಶಕ್ತಿಯನ್ನು ಅವರು ಕೇವಲ ಭೋಗದಿಂದ ಬೇರ್ಪಡಿಸಿ, ಅಂತರಂಗದ ಪೂರ್ಣತೆಯ ಅರಿವೆಂದು ವಿವರಿಸುವುದನ್ನು ಶರಣಸತಿ ಲಿಂಗಪತಿ ಭಾವವನ್ನು ಬಲ್ಲವರು ತಿರಸ್ಕರಿಸಲಾರರು.

ಹಾಗಾದರೆ ಈ ಗ್ರಂಥದಿಂದ ನಾವು ಕಲಿಯುವುದೇನು? ಅಭೇದದ ಮಾತನ್ನು ಯಾವಾಗ ಆಡಬೇಕೆಂಬುದನ್ನು. ‘ಆತ್ಮಕ್ಕೆ ಹೆಣ್ಣು ಗಂಡಿಲ್ಲ, ಶರಣರಲ್ಲಿ ಕುಲವಿಲ್ಲ’ ಎಂಬುದು ಸಾಧನೆಯ ತುದಿಯಲ್ಲಿ ನುಡಿಯಬೇಕಾದ ಮಾತು. ನೋವನ್ನು ಹೇಳಲು ಬಂದವಳ ಬಾಯಿಗೆ ಅದನ್ನು ಬೀಗವಾಗಿ ಹಾಕಿದರೆ ಸಿದ್ಧಾಂತವೇ ಅಪರಾಧಕ್ಕೆ ಮರೆಯಾಗುತ್ತದೆ. ಕಾಳವ್ವೆಯ ಮಾತನ್ನು ಕೇಳಿ ಮುಗಿಸದವರಿಗೆ ಅಭೇದವನ್ನು ಬೋಧಿಸುವ ಅಧಿಕಾರವಿಲ್ಲ.

ಇದು ಪುಸ್ತಕದ ವಾದವೆಂದು ತಳ್ಳಿಹಾಕುವಂತಿಲ್ಲ. ನಮ್ಮ ಈ ಸೀಮೆಯಲ್ಲಿ, ಮಲಪ್ರಭೆ ಘಟಪ್ರಭೆಗಳ ನಡುವಣ ಹಳ್ಳಿಗಳಲ್ಲಿ, ಹೆಣ್ಣುಮಕ್ಕಳನ್ನು ದೇವರ ಹೆಸರಿನಲ್ಲಿ ಮುತ್ತು ಕಟ್ಟಿ ಬಿಡುವ ಪದ್ಧತಿ ಬಹುಕಾಲ ನಡೆಯಿತು. 1982ರಲ್ಲಿ ಕರ್ನಾಟಕ ಸರಕಾರ ಅದನ್ನು ನಿಷೇಧಿಸುವ ಕಾನೂನನ್ನು ಮಾಡಿತು. ಹಾಗೆ ಬಿಡಲ್ಪಟ್ಟವರಲ್ಲಿ ಬಹುಮಂದಿ ದಲಿತರ ಮನೆಯ ಮಕ್ಕಳು, ಬಡವರ ಮಕ್ಕಳು. ಸ್ತ್ರೀಶೋಷಣೆಯೆಂದಷ್ಟೇ ಹೇಳಿದರೆ, ಊರಿನ ಸಿರಿವಂತರ ಮಗಳಿಗೆ ಏಕೆ ಮುತ್ತು ಕಟ್ಟಲಿಲ್ಲವೆಂಬುದಕ್ಕೆ ಉತ್ತರವಿಲ್ಲ. ಜಾತಿಶೋಷಣೆಯೆಂದಷ್ಟೇ ಹೇಳಿದರೆ, ಅದೇ ಮನೆಯ ಮಗನಿಗೆ ಆ ಗತಿ ಏಕೆ ಬರಲಿಲ್ಲವೆಂಬುದಕ್ಕೆ ಉತ್ತರವಿಲ್ಲ. ಮೂರು ದಾರಿಗಳು ಕೂಡಿದ ಸ್ಥಳದಲ್ಲಿ ಆ ಮಗು ನಿಂತಿತ್ತು. ಸಂಕವ್ವೆಯ ವಚನವನ್ನು ವಾಚಿಸುವ ನಾವು ಆ ಮಗುವನ್ನು ಎಷ್ಟು ಸಲ ನೆನೆದಿದ್ದೇವೆ?

ಮಠಗಳ ವಿಷಯವನ್ನೂ ಹೇಳದೆ ಬಿಟ್ಟರೆ ವಿಮರ್ಶೆ ಪೂರ್ಣವಾಗದು. 1970ರಲ್ಲಿ ಮಾತೆ ಮಹಾದೇವಿಯವರು ಜಗದ್ಗುರು ಪೀಠವನ್ನೇರಿದಾಗ ಸ್ತ್ರೀಗೆ ಆ ಅಧಿಕಾರವುಂಟೇ ಎಂಬ ಚರ್ಚೆ ನಾಡಿನಲ್ಲೆಲ್ಲ ನಡೆಯಿತು. ಆ ಬಾಗಿಲು ಅಷ್ಟಾದರೂ ತೆರೆಯಿತು. ಆದರೆ ಒಬ್ಬ ಸ್ತ್ರೀ ಪೀಠವೇರಿದ ಮಾತ್ರಕ್ಕೆ ಕಾಳವ್ವೆಯ ಪ್ರಶ್ನೆಗೆ ಉತ್ತರ ಸಿಕ್ಕಂತಾಗಲಿಲ್ಲ. ಆಕೆ ಇನ್ನೊಂದು ಬಾಗಿಲ ಮುಂದೆಯೂ ನಿಂತಿದ್ದಾಳೆ. ಶರಣ ಸಾಹಿತ್ಯದ ಗೋಷ್ಠಿಗಳಲ್ಲಿ ಸತ್ಯಕ್ಕನ ಕಾಯಕನಿಷ್ಠೆಯನ್ನು ಕುರಿತು ಪಂಡಿತರು ಮಾತನಾಡುವಾಗ, ಅಂದು ಬೆಳಿಗ್ಗೆ ಆ ಮಂಟಪದ ಅಂಗಳವನ್ನು ಗುಡಿಸಿದವಳು, ದಾಸೋಹದ ಎಡೆ ಎತ್ತಿ ಪಾತ್ರೆ ತೊಳೆದವಳು ಎಲ್ಲಿ ಕುಳಿತಿರುತ್ತಾಳೆ? ಸಭೆಯಲ್ಲಿ ಆಕೆಗೊಂದು ಆಸನವಿದೆಯೇ? ಆಕೆಯೂ ನಾಲ್ಕು ಮಾತನಾಡಬಹುದೆಂದು ಯಾರಿಗಾದರೂ ಹೊಳೆದಿದೆಯೇ? ನ್ಯೂಯಾರ್ಕಿನ ಗೋಷ್ಠಿಯಲ್ಲಿ ಎದ್ದ ಪ್ರಶ್ನೆ ನಮ್ಮ ಅಂಗಳಕ್ಕೆ ಬಂದಾಗ ಅದಕ್ಕೆ ಕನ್ನಡದ ಧ್ವನಿಯೇ ಇರುತ್ತದೆ.

ಪರಮಪೂಜ್ಯ ಹಾನಗಲ್ಲ ಶ್ರೀ ಕುಮಾರ ಶಿವಯೋಗಿಗಳು 1909ರಲ್ಲಿ ಮಲಪ್ರಭೆಯ ದಂಡೆಯ ಮೇಲೆ ಈ ಶಿವಯೋಗಮಂದಿರವನ್ನು ಸ್ಥಾಪಿಸಿದ್ದು ಸಮಾಜಕ್ಕೆ ಯೋಗ್ಯ ಗುರುಗಳನ್ನು ಕೊಡಬೇಕೆಂಬ ಸಂಕಲ್ಪದಿಂದ. ಇಲ್ಲಿ ಅಧ್ಯಯನ ಮಾಡುವ ವಟುಗಳು ನಾಳೆ ಊರೂರುಗಳ ಮಠಗಳ ಹೊಣೆ ಹೊರುವವರು. ಆದ್ದರಿಂದ ಅವರು ಶರಣೆಯರ ವಚನಗಳನ್ನು ಓದುವ ಬಗೆ ಪಾಠಶಾಲೆಯ ಸಂಗತಿ ಮಾತ್ರವಲ್ಲ. ಅದು ನಾಳೆ ಮಠದ ಬಾಗಿಲಿಗೆ ಯಾರು ನಿರ್ಭಯವಾಗಿ ಬರಬಲ್ಲರೆಂಬುದನ್ನು ನಿರ್ಣಯಿಸುತ್ತದೆ. ವಚನವನ್ನು ಓದುವಾಗ ಅದನ್ನು ನುಡಿದವಳ ಕುಲ, ಕಾಯಕ, ಸಂಸಾರಗಳನ್ನೂ ಜೊತೆಯಲ್ಲಿಟ್ಟು ಓದುವುದನ್ನು ಅಭ್ಯಾಸ ಮಾಡಿರೆಂದು ಅವರಿಗೂ, ವಾಚಕರಾದ ನಿಮಗೂ ನಮ್ಮ ಸೂಚನೆ. ‘ಸಿಸ್ಟರ್ ಔಟ್‌ಸೈಡರ್’ ಗ್ರಂಥವನ್ನು ಇಂಗ್ಲಿಷ್ ಬಲ್ಲವರು ಓದಬೇಕು. ಒಪ್ಪದ ಕಡೆಯಲ್ಲಿ ವಾದಿಸಬೇಕು. ಅದಕ್ಕೂ ಮೊದಲು ಶಿವಶರಣೆಯರ ಸಂಪುಟವನ್ನು ತೆರೆದು, ಅಕ್ಕನ ವಚನಗಳು ಮುಗಿದ ಮೇಲೆಯೂ ಪುಟ ತಿರುವಬೇಕು. ಅಲ್ಲಿ ನಿಂತಿರುವ ತಾಯಂದಿರು ನಮ್ಮ ಮನೆಯವರೇ ಆಗಿದ್ದೂ ಬಹುಕಾಲದಿಂದ ಹೊರಗೆ ನಿಂತಿದ್ದಾರೆ. ಅವರನ್ನು ಒಳಗೆ ಕರೆದು, ಕುಳ್ಳಿರಿಸಿ, ಅವರ ಮಾತನ್ನು ಕೊನೆಯವರೆಗೆ ಕೇಳುವ ಸದ್ಬುದ್ಧಿ ನಮ್ಮೆಲ್ಲರಿಗೂ ಉಂಟಾಗಲೆಂದು ಹಾರೈಸುತ್ತೇವೆ.